ಸನ್ನತಿ ರಸ್ತೆಗೆ ಭಾವ ಹೋದದ್ದು ಯಾಕೆ

ನಮ್ಮ ಭಾವ ದೇವಿಯ ದರ್ಶನಕ್ಕೆ ಹೋಗುವಾಗ ತೀರಿಕೊಂಡರು ಎಂದು ಬಳಗದವರೆಲ್ಲ ಹೇಳುತ್ತಾರೆ. ನನಗೆ ಆ ಮಾತಿನ ಮೇಲೆ ಮೊದಲಿನಿಂದಲೂ ಅನುಮಾನ. ಊರಿಂದ ಊರಿಗೆ ಹೋಗುತ್ತ ಹೋಗುತ್ತ ಆ ಮಾತು ಬೆಳೆಯುತ್ತಿತ್ತು. ಚಿತ್ತಾಪುರದ ನಮ್ಮ ಮನೆಯಲ್ಲಿ ಕೇಳಿದರೆ ಭಾವ ಸನ್ನತಿಯ ಚಂದ್ರಲಾಂಬೆಯ ಗುಡಿಗೆ ಹೊರಟಿದ್ದರು. ಸೇಡಂನಲ್ಲಿ, ಅಕ್ಕನ ಮಾವನವರ ಓಣಿಯಲ್ಲಿ ಕೇಳಿದರೆ ದರ್ಶನ ಮುಗಿಸಿ ತಿರುಗಿ ಬರುತ್ತಿದ್ದರು. ಚಿಂಚೋಳಿ ತಾಲೂಕಿನ ಚಿಮ್ಮನಚೋಡದಲ್ಲಿರುವ ನಮ್ಮ ಸೋದರತ್ತೆಯ ಮನೆ ಮುಟ್ಟುವಷ್ಟರಲ್ಲಿ ಭಾವನ ಹಣೆಯ ಮೇಲೆ ಕುಂಕುಮವೂ ಮುಚ್ಚಿದ ಮುಷ್ಟಿಯಲ್ಲಿ ಪ್ರಸಾದದ ಹೂವೂ ಬಂದಿದ್ದವು.

"ಅತ್ತೀ, ಗಾಡಿ ಮಾರಿ ಸನ್ನತಿ ಕಡಿ ಇತ್ತು. ಇನ್ನೂ ಗುಡೀನೇ ಮುಟ್ಟಿಲ್ಲ, ಹೂ ಎಲ್ಲಿಂದ ಬಂತು?" ಎಂದು ಕೇಳಿದೆ.

"ಏನವಾ, ದೇವಿ ನಿನ್ನ ಮುಂದ ಬಂದು ಸಾಕ್ಷಿ ಹೇಳಬೇಕೇನು? ನಾಕು ಕಪ್ ಗೆದ್ದೀ ಅಂತ ಸತ್ತವರ ಜೋಡೀನೂ ವಾದಾ ಮಾಡ್ತಿ."

ನಾಲ್ಕಲ್ಲ, ಏಳು. ಕಲಬುರಗಿಯ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ನಿಂತವಳು ನಾನು. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಅಲ್ಲಿ ಹತ್ತಿದ ಚಟವೊಂದಿದೆ. ಒಂದು ಮಾತನ್ನು ಹತ್ತು ಜನ ಹೇಳಿದರೆ, ಅದನ್ನು ಹತ್ತು ಸಾಕ್ಷಿ ಎಂದು ಎಣಿಸಲು ನನ್ನಿಂದ ಆಗುವುದಿಲ್ಲ. ಒಬ್ಬರು ಹೇಳಿದ್ದನ್ನೇ ಒಂಬತ್ತು ಜನ ಕೇಳಿಸಿಕೊಂಡಿರಬಹುದಲ್ಲ?

ಭಾವ ಕಾಟಾ ರಿಪೇರಿ ಮಾಡುತ್ತಿದ್ದರು. ಲಾರಿಯನ್ನು ಸರಕಿನ ಸಮೇತ ತೂಗುವ ದೊಡ್ಡ ತಕ್ಕಡಿಗೆ ನಮ್ಮ ಕಡೆ ಕಾಟಾ ಎನ್ನುತ್ತಾರೆ. ಸಿಮೆಂಟ್ ಫ್ಯಾಕ್ಟರಿ, ಫರಶಿ ಕಲ್ಲಿನ ಗಣಿ, ತೊಗರಿ ಬೇಳೆಯ ಮಿಲ್ಲು, ಇಂಥ ಕಡೆಯೆಲ್ಲ ಒಂದೊಂದು ಇರುತ್ತದೆ. ಶಹಾಬಾದಿನ ಒಂದು ಸಣ್ಣ ಕಂಪನಿ ಅವನ್ನು ಕೂರಿಸಿ, ಕೆಟ್ಟಾಗ ದುರಸ್ತಿ ಮಾಡಿಕೊಡುತ್ತದೆ. ದುರಸ್ತಿ ಎಂದರೆ ಭಾವ. ಕಂಪನಿ ಕೊಟ್ಟ ಹಳೆಯ ಕಾರು ವಾಡಿಯಲ್ಲಿ ಅವರ ಬಾಡಿಗೆ ಮನೆಯ ಮುಂದೆಯೇ ನಿಲ್ಲುತ್ತಿತ್ತು. ಡಿಕ್ಕಿಯಲ್ಲಿ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲುಗಳು ಸದಾ ಇರುತ್ತಿದ್ದುದರಿಂದ ಕಾರಿನ ಹಿಂಭಾಗ ಕುಸಿದು, ಮೂಗು ಮೇಲೆತ್ತಿಕೊಂಡೇ ಓಡುತ್ತಿತ್ತು.

ಕೆಲಸ ಬರುತ್ತಿದ್ದದ್ದು ಮ್ಯಾನೇಜರ್ ಮಾಡುವ ಫೋನಿನಲ್ಲಿ: ಇಂಥಲ್ಲಿ ಕಾಟಾ ನಿಂತಿದೆ, ಹೋಗಿ ನೋಡು. ಹೋಗಿ ಸರಿಮಾಡಿದ ಮೇಲೆ ಕಾಟಾದ ಮಾಲೀಕರಿಂದ ಒಂದು ರಿಪೋರ್ಟಿನ ಮೇಲೆ ಸಹಿ, ರಬ್ಬರ್ ಸಿಕ್ಕಾ. ಮುಗಿದ ಕೆಲಸಕ್ಕೆ ಕಾಗದ ಇತ್ತು. ಹೊರಟ ಕೆಲಸಕ್ಕೆ ಬಾಯಿಮಾತು ಬಿಟ್ಟರೆ ಏನೂ ಇರಲಿಲ್ಲ. ಭಾವ ಬದುಕಿರುವವರೆಗೆ ಈ ಪದ್ಧತಿಯಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಆ ದಿನ ಮುಂಜಾನೆ ಅವರು ಕೋಡ್ಲಾ ಹತ್ತಿರದ ಒಂದು ಕಾಟಾ ಸರಿಮಾಡಿದ್ದರು. ಅದರ ರಿಪೋರ್ಟು ಸಹಿ ಸಮೇತ ಇದೆ. ಅಲ್ಲಿಂದ ವಾಡಿಗೆ ಬಂದು ಮನೆಯಲ್ಲಿ ಹತ್ತು ನಿಮಿಷ ಕೂತು, ಎರಡು ರೊಟ್ಟಿ ತಿಂದು, ಮತ್ತೆ ಸನ್ನತಿ ರಸ್ತೆ ಹಿಡಿದು ಹೊರಟರು. ದಾರಿಯಲ್ಲಿ ಟಾಯರ್ ಒಡೆದು ಕಾರು ಒಂದು ಸಣ್ಣ ಸೇತುವೆಯ ಕಟ್ಟೆಗೆ ಗುದ್ದಿತು. ಎದುರಿಗೆ ಬೇರೆ ಗಾಡಿ ಇರಲಿಲ್ಲ.

ಬೇರೆ ಗಾಡಿ ಇರಲಿಲ್ಲ ಎಂಬುದು ಮುಖ್ಯ. ಇನ್ನೊಬ್ಬ ಡ್ರೈವರನ ತಪ್ಪು ಎಂದು ಕೇಸು ಹಾಕುವ ದಾರಿ ಅಲ್ಲಿಗೆ ಮುಚ್ಚಿತು. ಕೆಲಸದ ಮೇಲಿದ್ದಾಗ ಸತ್ತ ನೌಕರನ ಮನೆಯವರಿಗೆ ಕಾಯ್ದೆ ಕೊಡಿಸುವ ಪರಿಹಾರ ಒಂದೇ ಉಳಿಯಿತು. ಅದು ಬಂದರೆ ಅಕ್ಕ ಒಂದನೆಯ ಇಯತ್ತೆಯ ಮಗಳನ್ನು ಕಟ್ಟಿಕೊಂಡು ವಾಡಿಯ ತನ್ನ ಮನೆಯಲ್ಲೇ ಇರಬಹುದು. ಬರದಿದ್ದರೆ ಆರು ತಿಂಗಳು ಮಾವನ ಮನೆ, ಆರು ತಿಂಗಳು ತವರು. ಎರಡೂ ಕಡೆ ಅವಳನ್ನು ಬೇಡವೆನ್ನುವವರಿಲ್ಲ, ಅದು ಬೇರೆ ಮಾತು. ಅವಳಿಗೆ ಬೇಕಾದದ್ದು ತನ್ನದೊಂದು ಬಾಗಿಲು, ತನ್ನದೊಂದು ಕೀಲಿ.

ಅರ್ಜಿ ಹಾಕಿದಾಗ ನಾನು ಧೈರ್ಯವಾಗಿದ್ದೆ. ಮನೆಯಿಂದ ಆಫೀಸಿಗೆ ಹೋಗುವಾಗ ಸತ್ತವನ ಬಗ್ಗೆ ಕೋರ್ಟಿನಲ್ಲಿ ಹತ್ತು ತಕರಾರು ತೆಗೆಯಬಹುದು, ಸರಿ. ಆದರೆ ಊರೂರು ತಿರುಗುವುದೇ ಕೆಲಸವಾದವನಿಗೆ ರಸ್ತೆಯೇ ಆಫೀಸು. ಅವನು ಸ್ಟೇರಿಂಗ್ ಹಿಡಿದರೆ ಹಾಜರಿ ಬಿದ್ದಂತೆ. ಇದನ್ನು ನಾನು ಎರಡು ನಿಮಿಷದಲ್ಲಿ, ಗಂಟೆ ಬಾರಿಸುವ ಮೊದಲೇ, ಯಾವ ವೇದಿಕೆಯ ಮೇಲಾದರೂ ಗೆಲ್ಲುತ್ತಿದ್ದೆ.

ಕಂಪನಿಯ ಲಿಖಿತ ಉತ್ತರ ಬಂತು. ಅದರಲ್ಲಿ ರಸ್ತೆಯ ಬಗ್ಗೆ ವಾದವೇ ಇರಲಿಲ್ಲ. "ಮೃತರು ಕೋಡ್ಲಾದ ಕೆಲಸ ಮುಗಿಸಿದ ನಂತರ ನಮ್ಮ ಸಂಪರ್ಕದಲ್ಲಿ ಇರಲಿಲ್ಲ. ಅವರು ಸ್ವಂತ ಇಚ್ಛೆಯಿಂದ ದೇವಸ್ಥಾನಕ್ಕೆ ಹೊರಟಿದ್ದರೆಂಬುದು ಮೃತರ ತಂದೆಯವರು ಪೊಲೀಸರಿಗೆ ನೀಡಿದ ಹೇಳಿಕೆಯಿಂದಲೇ ನಮಗೆ ತಿಳಿದುಬಂದಿದೆ." ಜೊತೆಗೆ ಎರಡು ಕಾಗದ. ಒಂದು, ಅಕ್ಕನ ಮಾವನವರು ಅದೇ ಸಂಜೆ ದವಾಖಾನೆಯಲ್ಲಿ ಬರೆಸಿದ ದೂರು: ನನ್ನ ಮಗನು ಸನ್ನತಿ ದೇವಿಯ ದರ್ಶನಕ್ಕೆ ಹೋಗುವಾಗ. ಇನ್ನೊಂದು, ಮರುದಿನ ಪೊಲೀಸರು ಕಾರಿನಲ್ಲಿ ಸಿಕ್ಕ ವಸ್ತುಗಳನ್ನು ಬರೆದ ಪಟ್ಟಿ: ಒಂದು ತೆಂಗಿನಕಾಯಿ, ಒಂದು ಹಸಿರು ರವಿಕೆ ಖಣ, ಅರಿಷಿಣ ಕುಂಕುಮದ ಪೊಟ್ಟಣ. ಕಬ್ಬಿಣದ ಕಲ್ಲುಗಳೂ ಪಟ್ಟಿಯಲ್ಲಿದ್ದವು, ಕೊನೆಯ ಸಾಲಿನಲ್ಲಿ.

ನಾವೇ ಬೆಳೆಸಿದ ಕಥೆ ನಮ್ಮ ಮೇಲೆಯೇ ದಾಖಲೆಯಾಗಿ ಬಂದಿತ್ತು.

ಮರುದಿನವೇ ವಾಡಿಗೆ ಹೋಗಿ ಅಕ್ಕನನ್ನು ಅಡುಗೆಮನೆಯಲ್ಲಿ ಕೂರಿಸಿ ವಿಚಾರಣೆ ಶುರು ಮಾಡಿದೆ. ಅವಳು ಪುಂಡಿಪಲ್ಲೆ ಸೋಸುತ್ತಿದ್ದಳು. ಕಂಪನಿಯ ವಕೀಲನ ಪಾತ್ರ ನನ್ನದು, ಆದ್ದರಿಂದ ಮಾತೂ ಪುಸ್ತಕದ್ದು.

"ನೀವು ಮೃತರ ಹೆಂಡತಿ. ಪರಿಹಾರ ಬಂದರೆ ನಿಮಗೇ ಬರುತ್ತದೆ, ಹೌದೋ ಅಲ್ಲವೋ?"

"ಹೌದು."

"ಹೊರಡುವಾಗ ನಿಮ್ಮ ಗಂಡ ಏನು ಹೇಳಿದರು?"

"ಆ ಕಡಿ ಒಂದು ಕಾಟಾ ನಿಂತದಂತ, ನೋಡಿ ಬರ್ತೀನಿ ಅಂದ್ರು."

"ಯಾರ ಕಾಟಾ? ಯಾವ ಊರು?"

"ನಾ ಕೇಳಲಿಲ್ಲ. ದಿನಾ ಒಂದೊಂದು ಕಡಿ ಹೋಗೂ ಮನಶ್ಯಾ, ಎಷ್ಟಂತ ಕೇಳ್ಲಿ?"

"ಹಾಗಾದರೆ ಕಾಟಾ ನಿಂತಿದೆ ಎಂಬ ಈ ಮಾತನ್ನು ನೀವು ಆಮೇಲೆ ಕಟ್ಟಿದ್ದು."

ಅವಳ ಕೈ ನಿಂತಿತು. "ನೀನೂ ಅವರ ಕಡೀನೇನು?"

"ಇದನ್ನ ಅಲ್ಲಿ ಕೇಳೇ ಕೇಳ್ತಾರಕ್ಕ. ತಯಾರಿ ಮಾಡಲಿಕತ್ತೀನಿ."

"ತಯಾರಿ ಅಂತೀ. ನಿನ್ನ ಕಣ್ಣು ನೋಡಿದ್ರ ಖರೇನೇ ಕೇಳಲಿಕತ್ತಂಗದ."

ಅವಳ ಮಾತು ಸುಳ್ಳಲ್ಲ. ಆ ಕ್ಷಣ ನಾನು ನಿಜವಾಗಿಯೇ ಕೇಳುತ್ತಿದ್ದೆ. ಒಡಹುಟ್ಟಿದವಳ ಮೇಲೆ, ಗಂಡ ಸತ್ತು ನಾಲ್ಕು ತಿಂಗಳಾಗದವಳ ಮೇಲೆ ನನಗೆ ಅನುಮಾನ ಬಂದಿತ್ತು. ಕಾರಿನಲ್ಲಿ ಕಾಯಿ ಇತ್ತಲ್ಲ. ಕಬ್ಬಿಣದ ಕಲ್ಲು ಇದ್ದವು ಎನ್ನೋಣವೆಂದರೆ ಅವು ಎಂದೂ ಕೆಳಗಿಳಿದದ್ದಿಲ್ಲ. ಅವನ್ನು ಸಾಕ್ಷಿಯಾಗಿ ತಂದರೆ ಎದುರಿನವನು ನಗುತ್ತಾನೆ.

"ಉಡಿ ಸಾಮಾನು ಯಾಕ ಕೊಟ್ಟಿ?" ಎಂದು ಕೇಳಿದೆ, ನನ್ನದೇ ದನಿಯಲ್ಲಿ.

"ಸನ್ನತಿ ರೋಡಿಗೆ ಹೊಂಟವರ ಕೈಯಾಗ ಯಾರು ಕೊಡಂಗಿಲ್ಲ ಹೇಳು? ನಮ್ಮವ್ವ ಬಸ್ಸಿನ ಕಂಡಕ್ಟರ್ ಕೈಯಾಗೂ ಕೊಟ್ಟಾಳ. ಹೊಸ್ತಿಲ ದಾಟೂವಾಗ ಕೈಯಾಗ ಇಟ್ಟು, 'ಕೆಲಸ ಮುಗದ ಮ್ಯಾಲ ಟೈಮ್ ಸಿಕ್ರ ಗುಡೀಗೆ ಕೊಟ್ಟು ಬರ್ರಿ' ಅಂದೆ. 'ನಾ ಏನು ನಿಮ್ಮ ದೇವೀ ಕೊರಿಯರ್ ಏನು?' ಅಂತ ನಕ್ಕೋತ ಇಸಗೊಂಡ್ರು."

ನಮ್ಮ ಬಳಗದಲ್ಲಿ ಇದು ನಿಜ. ಯಾರೇ ಆ ದಾರಿಗೆ ಹೊರಟರೂ, ಎಮ್ಮೆ ಕೊಳ್ಳಲು ಹೋದರೂ, ಕೈಯಲ್ಲಿ ಒಂದು ಕಾಯಿ, ಒಂದು ಖಣ ಇಡುತ್ತಾರೆ. ದೇವಿಗೆ ಉಡಿ ತುಂಬುವುದಕ್ಕೆ ತಾವೇ ಹೋಗಬೇಕೆಂದಿಲ್ಲ. ಆದರೆ ಇದನ್ನು ಹೊರಗಿನ ನ್ಯಾಯಾಧೀಶರಿಗೆ ಹೇಗೆ ತಿಳಿಸುವುದು? ಕಾಯಿ ಹಿಡಿದವನು ಗುಡಿಗೆ ಹೊರಟವನು ಎಂದು ಯಾರಿಗಾದರೂ ಅನಿಸುತ್ತದೆ.

"ಉಡಿ ಕೊಟ್ಟಿದ್ದು ಅವತ್ತ ಯಾರಿಗರೆ ಹೇಳಿದ್ಯಾ?"

"ಯಾರಿಗೆ ಹೇಳ್ಲಿ? ಅವರು ಹೋಗಿ ತಾಸಿನ್ಯಾಗ ಸುದ್ದಿ ಬಂತು. ಅವತ್ತ ನನ್ನ ಬಾಯಿಂದ ಮಾತೇ ಬಂದಿಲ್ಲ, ನೀನೇ ಇದ್ದೆಲ್ಲ ಬಾಜೂಕ. ಮರುದಿನ ಪೊಲೀಸರು ಗಾಡ್ಯಾಗ ಕಾಯಿ ಸಿಕ್ಕದ ಅಂದಾಗ ಹೇಳ್ದೆ, ನಾನೇ ಕೊಟ್ಟಿದ್ದು ಅಂತ." ಮುಖ ತಿರುಗಿಸಿ ಪಲ್ಲೆಯ ದಂಟು ಮುರಿಯತೊಡಗಿದಳು. "ಕೊಡದಿದ್ರ ಭೇಷಿತ್ತು."

ಈ ಉತ್ತರವನ್ನೂ ಉಳಿದವುಗಳ ಹಾಗೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದರ ಬೆಲೆ ಆಗ ತಿಳಿದಿರಲಿಲ್ಲ.

ಇನ್ನು ಉಳಿದವರು ಅಕ್ಕನ ಮಾವ. ನಾನು ಅವರನ್ನು ಕಾಕಾ ಎನ್ನುತ್ತೇನೆ. ಮಾಸ್ತರಿಕೆಯಿಂದ ನಿವೃತ್ತರಾಗಿ ಈಗ ಸೇಡಂನ ಓಣಿಯ ಹನುಮಪ್ಪನ ಗುಡಿಯಲ್ಲಿ ದಿನವೂ ಪೂಜೆ ಮಾಡುತ್ತಾರೆ. ಹದಿಮೂರು ದಿನವೂ ಬಂದವರೆದುರು "ದೇವಿ ಕಡಿ ಹೊಂಟಿದ್ದ, ಆಕೀನೇ ಕರಕೊಂಡಳು" ಎಂದು ಹೇಳಿದವರು ಅವರೇ. ಬಂದವರು ಅದನ್ನು ತಮ್ಮ ತಮ್ಮ ಊರಿಗೆ ಒಯ್ದರು. ಹೂವು, ಕುಂಕುಮ ದಾರಿಯಲ್ಲಿ ಸೇರಿದ್ದು. ನಾನು ಹೋದಾಗ ಗುಡಿಯ ಕಟ್ಟೆಯ ಮೇಲೆ ಕೂತು ತುಳಸಿ ಬಿಡಿಸುತ್ತಿದ್ದರು.

"ಕಾಕಾ, ಪೊಲೀಸರ ಮುಂದ ಹಂಗ ಯಾಕ ಬರಸಿದ್ರಿ?"

"ಖರೆ ಇತ್ತು, ಬರಸಿದೆ."

"ನೀವು ಸೇಡಂದಾಗ ಇದ್ರಿ. ಅವರು ವಾಡಿಯಿಂದ ಹೊಂಟ್ರು. ಖರೆ ಅಂತ ನಿಮಗ ಹೆಂಗ ಗೊತ್ತು?"

"ಏ ತಂಗಿ," ಎಂದರು. ಕೋಪ ಮಾಡಲಿಲ್ಲ, ದನಿಯನ್ನೂ ಏರಿಸಲಿಲ್ಲ. "ರೋಡಿನ ಮ್ಯಾಲ ಹೋದ ಜೀವ. ದುರ್ಮರಣ ಅಂತಾರ ಅದಕ್ಕ. ಬಲಿ ಮಾಡಸ್ರಿ, ಶಾಂತಿ ಮಾಡಸ್ರಿ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರ. ಹಂತಾದ್ರಾಗ ದೇವಿ ಕಡಿ ಮಾರಿ ಮಾಡಿದ್ದ ಅನ್ನೂದೊಂದೇ ನನ್ನ ಕೈಯಾಗ ಉಳದದ್ದು. ಅದನ್ನೂ ಕಸಗೊಳ್ಳಲಿಕ್ಕೆ ಬಂದೀಯೇನು?"

ಇದಕ್ಕೆ ನನ್ನ ಬಳಿ ಉತ್ತರವಿತ್ತು. ನಿಮ್ಮ ಸಮಾಧಾನಕ್ಕೆ ನಿಮ್ಮ ಮೊಮ್ಮಗಳ ಮನೆ ಹೋಗುತ್ತಿದೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ವೇದಿಕೆಯ ಮೇಲಾಗಿದ್ದರೆ ಬಿಡುತ್ತಿರಲಿಲ್ಲ.

"ಕಸಗೊಳ್ಳಂಗಿಲ್ಲ ಕಾಕಾ. ಇಷ್ಟೇ ಹೇಳ್ರಿ, ಈ ಮಾತು ನಿಮಗ ಮೊದಲ ಯಾರು ಹೇಳಿದ್ರು?"

"ಮ್ಯಾನೇಜರ್ ಸಾಹೇಬರು. ಭಾಳ ಚಲೋ ಮನಶ್ಯಾ. ದವಾಖಾನ್ಯಾಗ ನನ್ನ ಕೈ ಹಿಡಕೊಂಡೇ ಕೂತಿದ್ರು. 'ಪುಣ್ಯವಂತ ನಿಮ್ಮ ಮಗ, ಹೆಂಡ್ತಿ ದೇವಿಗೆ ಉಡಿ ಕೊಟ್ಟು ಕಳಿಸ್ಯಾಳಂತ ನಕ್ಕೋತ ಹೊಂಟಿದ್ದ' ಅಂದ್ರು. ಅಷ್ಟರಾಗ ಪೊಲೀಸರು ಬಂದ್ರು. ಎಲ್ಲಿ ಹೊಂಟಿದ್ರು ಅಂತ ಕೇಳಿದ್ರು, ಅದನ್ನೇ ಬರಸಿದೆ."

"ಅವತ್ತ ಸಂಜೀಗೇನ್ರಿ? ಮರುದಿನ ಅಲ್ಲ?"

"ಅವತ್ತೇ. ಮರುದಿನ ಎಲ್ಲಿ ಕೂಡಲಿಕ್ಕಾತು? ಮಣ್ಣಿಗೆ ತಯಾರಿ ನಡದಿತ್ತು."

ನಾನು ನೋಟ್‌ಬುಕ್ ತೆಗೆದು ಅಕ್ಕನ ಉತ್ತರವನ್ನು ಮತ್ತೆ ಓದಿದೆ. ಸನ್ನತಿ ರಸ್ತೆ ಎಂದ ಮಾತ್ರಕ್ಕೆ ಗುಡಿ ಎಂದು ಯಾರಾದರೂ ಅಂದಾಜು ಮಾಡಬಹುದು. ಅದನ್ನು ಮ್ಯಾನೇಜರರ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಹೆಂಡತಿ ಉಡಿ ಕೊಟ್ಟಿದ್ದಾಳೆ ಎಂಬುದು ಅಂದಾಜಿಗೆ ಸಿಗುವ ಮಾತೇ? ಅಕ್ಕ ಅದನ್ನು ಕೊಟ್ಟದ್ದು ಭಾವ ಹೊಸ್ತಿಲು ದಾಟುವಾಗ. ಆ ಸಂಜೆ ಪೊಲೀಸರು ಇನ್ನೂ ಕಾರು ತೆಗೆದು ನೋಡಿರಲಿಲ್ಲ, ಅಕ್ಕ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಗೊತ್ತಿದ್ದವರು ಇಬ್ಬರೇ, ಅವರಲ್ಲಿ ಒಬ್ಬರು ಸತ್ತಿದ್ದರು. ಅಂದರೆ ಮನೆ ಬಿಟ್ಟ ಮೇಲೆ, ಸೇತುವೆ ಬರುವುದರೊಳಗೆ, ಭಾವ ಮ್ಯಾನೇಜರರ ಜೊತೆ ಮಾತಾಡಿದ್ದರು. ಕಂಪನಿಯ ಉತ್ತರ ಹೇಳುತ್ತದೆ, ಕೋಡ್ಲಾ ನಂತರ ಸಂಪರ್ಕವೇ ಇರಲಿಲ್ಲ ಎಂದು. ಭಾವನ ಫೋನು ಗುದ್ದಿನಲ್ಲಿ ಚೂರಾಗಿದೆ. ಸಿಮ್ ಕಂಪನಿಯ ಹೆಸರಿನದು, ಕರೆಗಳ ಪಟ್ಟಿ ಕೇಳಿದರೂ ನಮಗೆ ಕೊಡುವುದಿಲ್ಲ.

"ಕಾಕಾ, ಇದನ್ನ ಹಿಂಗೇ ಬಂದು ಸಾಕ್ಷಿ ಹೇಳ್ತೀರೇನು? ನೀವು ಬರಸಿದ್ದು ನಿಮಗ ಗೊತ್ತಿದ್ದ ಮಾತಲ್ಲ, ಅವರಿಂದ ಕೇಳಿದ್ದು ಅಂತ?"

ತುಳಸಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. "ಅವರು ಸಮಾಧಾನ ಮಾಡಿದ್ರು ನನಗ. ನೀ ಅದರಾಗೂ ಹುಳ ಹುಡುಕ್ತಿ." ಎದ್ದು ನಿಂತು, "ನೋಡೂಣು" ಎಂದರು.

ಅಕ್ಕನ ಅರ್ಜಿ ಹಾಕಿದ್ದ ನಮ್ಮ ವಕೀಲರಿಗೆ ಫೋನ್ ಮಾಡಿದೆ. ಅವರು ಖುಷಿಯಾಗಿ, ಈ ಮಾತನ್ನು ಎಲ್ಲಿಯೂ ಆಡಬೇಡಿ, ಪಾಟಿಸವಾಲಿನ ದಿನ ನಾನು ಕೇಳುತ್ತೇನೆ, ಮೊದಲೇ ಗೊತ್ತಾದರೆ ಉತ್ತರ ತಯಾರು ಮಾಡಿಕೊಂಡು ಬರುತ್ತಾರೆ ಎಂದರು. ನನಗೂ ಅದು ಸರಿ ಎನಿಸಿತು. ಇಂಥ ಪ್ರಶ್ನೆಯನ್ನು ಕೊನೆಯ ಸುತ್ತಿಗೆ ಇಟ್ಟುಕೊಳ್ಳುತ್ತಾರೆ.

ಆದರೆ ಮುಂದಿನ ಭಾನುವಾರ ಮ್ಯಾನೇಜರ್ ತಾವೇ ವಾಡಿಯ ಮನೆಗೆ ಬಂದರು. ತಿಂಗಳ ತಿಥಿಗೆಂದು ಕಾಕಾ ಬಂದಿದ್ದರು, ನಾನೂ ಇದ್ದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಕಾನ ಕಾಲು ಮುಟ್ಟಿ, ಮಗುವಿನ ಕೈಗೆ ಸೇಬಿನ ಚೀಲ ಕೊಟ್ಟು ಕೂತರು. ಅವರ ಮುಖ ಕಳ್ಳನ ಮುಖವಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಭಾವನ ಭಾವಚಿತ್ರ ನೋಡಿದಾಗ ಅವರ ಕಣ್ಣು ನಿಜವಾಗಿಯೇ ತುಂಬಿದವು.

"ಅಕ್ಕಾರ, ಕೋರ್ಟು ಅಂದ್ರ ಎಷ್ಟು ವರ್ಷಂತ ಯಾರಿಗೂ ಗೊತ್ತಿಲ್ಲ. ನಮ್ಮ ಆಫೀಸಿನ್ಯಾಗ ಒಂದು ಕುರ್ಚಿ ಖಾಲಿ ಅದ. ಮುಂಜಾನಿ ರೈಲಿಗೆ ಶಹಾಬಾದ್, ಸಂಜೀಗೆ ಮನಿ. ನಾಳೀದಿಂದನೇ ಬರ್ರಿ. ಇದೊಂದು ಕಾಗದಕ್ಕ ಸಹಿ ಮಾಡ್ರಿ, ಮಾಲೀಕರಿಗೆ ತೋರಸಲಿಕ್ಕೆ."

ಕಾಗದ ನಾನು ತೆಗೆದುಕೊಂಡೆ. ಎರಡೇ ಪ್ಯಾರಾ. ನನ್ನ ಗಂಡ ಸ್ವಂತ ಕೆಲಸಕ್ಕೆ ಹೋಗಿದ್ದರು, ಕಂಪನಿಯ ಮೇಲೆ ಹಾಕಿದ ಅರ್ಜಿಯನ್ನು ವಾಪಸು ಪಡೆಯುತ್ತಿದ್ದೇನೆ. ನೌಕರಿಯ ಮಾತು ಅದರಲ್ಲಿ ಒಂದಕ್ಷರವೂ ಇರಲಿಲ್ಲ.

"ಸರ್, ಕುರ್ಚಿ ಎಲ್ಲದರಿ ಇದರಾಗ?"

"ಅದು ನನ್ನ ಮಾತು, ಮೇಡಂ. ನಿಮ್ಮ ಭಾವ ಎಂಟು ವರ್ಷ ನನ್ನ ಮಾತಿನ ಮ್ಯಾಲೇ ಕೆಲಸ ಮಾಡ್ಯಾನ."

"ಅದಕ್ಕೇ ಇವತ್ತು ಒಂದೂ ಕಾಗದಿಲ್ಲ."

ಅವರು ನಕ್ಕರು. "ಡಿಬೇಟ್ ಮೇಡಂ ಅಂತ ಅವ ಭಾಳ ಹೇಳ್ತಿದ್ದ ನಿಮ್ಮ ಬಗ್ಗೆ. ಕಾಕಾ, ನೀವೇ ಹೇಳ್ರಿ, ದೇವಿ ಕಡಿ ಹೋದಾವನ ಹೆಸರು ಕೋರ್ಟಿನ್ಯಾಗ ಎಳದಾಡೂದು ಚಂದೇನು?"

ಅಕ್ಕ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಓದಿದಳು. ಅವಳ ಲೆಕ್ಕ ನನಗೆ ಅರ್ಥವಾಗುತ್ತಿತ್ತು. ಪರಿಹಾರ ಬಂದರೂ ಬರಬಹುದು, ಬರದೆಯೂ ಹೋಗಬಹುದು. ರೈಲು ಮಾತ್ರ ನಾಳೆ ಮುಂಜಾನೆ ಬರುತ್ತದೆ. ಆದರೆ ಆ ಸಾಲಿಗೆ ಅವಳು ಸಹಿ ಮಾಡಿದರೆ ಗಂಡನ ಕೊನೆಯ ಮಾತನ್ನು ತಾನೇ ಸುಳ್ಳು ಮಾಡಿದಂತೆ. ಅದು ಅವಳಿಗೂ ಗೊತ್ತಿತ್ತು. ಅವಳ ತುಟಿ ನ, ನ್ನ ಎಂದು ಅಕ್ಷರ ಕೂಡಿಸಿ ಓದುವವರ ಹಾಗೆ ಅಲುಗುತ್ತಿತ್ತು.

"ಪೆನ್ ಕೊಡ್ರಿ," ಎಂದಳು.

"ಅಕ್ಕ, ಒಂದು ನಿಮಿಷ ತಡಿ."

"ನೀ ಸುಮ್ಮನಿರು. ನಿನಗ ವಾದಾ ಗೆಲ್ಲಬೇಕು. ನನಗ ಮಗಳ ಸಾಲಿ ನೋಡಬೇಕು."

ಮ್ಯಾನೇಜರ್ ಜೇಬಿನಿಂದ ಪೆನ್ನು ತೆಗೆದು, ತುದಿ ಒತ್ತಿ, ಅವಳತ್ತ ಚಾಚಿದರು. ವಕೀಲರ ಮಾತು ನೆನಪಿತ್ತು. ಆ ಫೋನಿನ ಮಾತನ್ನು ಈಗ ಕೇಳಿದರೆ ಕೋರ್ಟಿನ ದಿನ ಈ ಪ್ರಶ್ನೆ ಸತ್ತಿರುತ್ತದೆ, ನಿಜ. ಆದರೆ ಅಕ್ಕ ಸಹಿ ಮಾಡಿದರೆ ಕೋರ್ಟಿನ ದಿನವೇ ಬರುವುದಿಲ್ಲ. ನಾನು ಕಾಕಾನ ಕಡೆ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಆ ಸಂಜೆ ದವಾಖಾನೆಯಲ್ಲಿ ತಮ್ಮ ಕೈ ಹಿಡಿದಿದ್ದ ಆ ಮನುಷ್ಯನ ಕೈಯನ್ನೇ ನೋಡುತ್ತಿದ್ದರು.

"ಸರ್," ಎಂದೆ, "ಕಾಕಾ ಇಲ್ಲೇ ಕೂತಾರ, ಅವರ ಎದುರಿಗೇ ಹೇಳ್ರಿ. ಅವತ್ತ ಈ ಮನಿಯಿಂದ ಹೊಂಟ ಮ್ಯಾಲ, ನಮ್ಮ ಭಾವ ನಿಮಗ ಫೋನ್ ಮಾಡಿದ್ರೋ, ನೀವು ಅವರಿಗೆ ಮಾಡಿದ್ರೋ?"